ಹದಿನೈದು ದಿನಕ್ಕೊಂದು ತೋಳು

"ಒಂದೇ ತಿಂಗಳು! ಬೇಕಾದ್ರೆ ಬರೆದಿಟ್ಕೋ! ಒಂದೇ ತಿಂಗಳಲ್ಲಿ ನಿನ್ನ ಜಾಗಕ್ಕೆ ಒಂದು ಯಂತ್ರ ತಂದು ಕೂರಿಸ್ತೀನಿ!"

ದರ್ಜಿ ಯಜಮಾನರು ಹನ್ನೆರಡು ಅಂಗುಲದ ಕತ್ತರಿಯನ್ನು ಸೇನಾಪತಿಯ ಕತ್ತಿಯಂತೆ ಮೇಲೆತ್ತಿ ಹೀಗೆ ಸಾರಿದಾಗ, ಅವರ ಹೆಂಡತಿ ಬೆರಳಿನ ಅಂದಾಜಿನ ಮೇಲೆ ಒಂದು ಕೋಟಿಗೆ ಗುಂಡಿ ಹಚ್ಚುತ್ತಿದ್ದರು. ತಲೆ ಎತ್ತಲಿಲ್ಲ. ದಾರವನ್ನು ಹಲ್ಲಿನಿಂದ ಕಡಿದು, "ಬರೆದಿಡೋಣ ಅಂದ್ರೆ ಕಣ್ಣು ಕಾಣಿಸ್ಬೇಕಲ್ಲ? ಅದು ಕಾಣಿಸ್ತಿದ್ರೆ ಈ ಮಾತೇ ಬರ್ತಿರಲಿಲ್ಲ," ಎಂದರು.

ಮಾತು ನಿಜ. ಆಕೆಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಕಣ್ಣಿನ ಡಾಕ್ಟರು ಒಂದೂವರೆ ತಿಂಗಳ ಮುಂದಿನ ದಿನ ಕೊಟ್ಟಿದ್ದರು. ಮೊದಲು ಬಲಗಣ್ಣು, ಆಮೇಲೆ ಎಡಗಣ್ಣು. ಆಸ್ಪತ್ರೆಯಿಂದ ಬಂದ ಸಂಜೆಯೇ ಆಕೆ ತೀರ್ಪು ಕೊಟ್ಟುಬಿಟ್ಟಿದ್ದರು: "ಆ ಇರುವೆ ಸಾಲಿನ ಅಕ್ಷರ ಇನ್ನು ನಾನು ಓದೋದಿಲ್ಲ. ಕಣ್ಣು ಸರಿಹೋದ್ಮೇಲೂ ಓದೋದಿಲ್ಲ. ಮೂವತ್ತೆಂಟು ವರ್ಷ ಓದಿದ್ದು ಸಾಕು."

ಇದು ಎಂಥ ಸಿಡಿಲು ಎಂದು ತಿಳಿಯಬೇಕಾದರೆ ಆ ಅಂಗಡಿಯ ಕ್ರಮ ತಿಳಿದಿರಬೇಕು. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಗಿರಾಕಿ ಬಂದು ಮರದ ಮಣೆಯ ಮೇಲೆ ನಿಲ್ಲುತ್ತಾನೆ. ಯಜಮಾನರು ಟೇಪು ಹಿಡಿದು ಅಳತೆಯನ್ನು ಕೂಗುತ್ತಾರೆ. ಹೆಂಡತಿ ನೇರಳೆ ಪೆನ್ಸಿಲಿನಲ್ಲಿ ಪುಸ್ತಕಕ್ಕೆ ಇಳಿಸುತ್ತಾರೆ. ಕತ್ತರಿಸುವ ದಿನ ಆಕೆ ಓದುತ್ತಾರೆ, ಇವರು ಕತ್ತರಿಸುತ್ತಾರೆ. "ಎದೆ ನಲವತ್ತು." "ಹೂಂ." "ಎಡ ಭುಜ ಇಳಿ." "ಗೊತ್ತು." "ಗೊತ್ತಿದ್ರೆ ಪುಸ್ತಕ ಯಾಕೆ?" "ನಿನ್ನ ಬಾಯಲ್ಲಿ ಕೇಳೋಕೆ!" ಹೀಗೆ ಮೂವತ್ತೆಂಟು ವರ್ಷ. ಕೊನೆಕೊನೆಗೆ ಹೆಂಡತಿ ಹೇಳಿದ ಸಂಖ್ಯೆ ಯಜಮಾನರ ಕಿವಿಯಿಂದ ನೇರವಾಗಿ ಕೈಗೆ ಇಳಿಯುತ್ತಿತ್ತು. ನಡುವೆ ತಲೆ ಎಂಬುದೊಂದು ಇದೆ ಎನ್ನುವುದನ್ನೇ ಆ ಕೈ ಮರೆತಿತ್ತು.

ಅಂಥ ಪುಸ್ತಕಗಳು ಮೂವತ್ತೊಂದು. ಬರೀ ಅಳತೆಯಲ್ಲ ಅವು, ಒಂದು ಪೇಟೆಯ ಮೈಚರಿತ್ರೆ! 'ಹೊಟ್ಟೆ ಇಲ್ಲ ಎನ್ನುತ್ತಾರೆ. ಒಂದೂವರೆ ಅಂಗುಲ ಬಿಡುವುದು.' 'ಮದುವೆ ಕೋಟು. ಉಸಿರು ಬಿಗಿಹಿಡಿದು ನಿಂತಿದ್ದ, ನಂಬಬಾರದು.' 'ಹುಡುಗ ಬೆಳೆಯುತ್ತಾನೆ. ತೋಳಿನೊಳಗೆ ಮೂರು ಅಂಗುಲ ಮಡಿಕೆ.' ಏಳು ವರ್ಷ ಕಳೆದು ಅದೇ ಹುಡುಗನ ಪುಟದಲ್ಲಿ: 'ಮಡಿಕೆ ಬಿಚ್ಚಿ ಬಿಚ್ಚಿ ಮುಗಿಯಿತು. ಅಪ್ಪನಿಗಿಂತ ಎತ್ತರ.' ಬಟ್ಟೆ ಹೊಲಿದು ಕೊಟ್ಟ ದಿನ ಆ ಪುಟಕ್ಕೆ ಕೆಂಪು ಪೆನ್ಸಿಲಿನಿಂದ ಮೂಲೆಯಿಂದ ಮೂಲೆಗೆ ಒಂದು ಗೆರೆ ಬೀಳುತ್ತಿತ್ತು. ಆ ಗೆರೆ ಯಜಮಾನರ ಪಾಲಿಗೆ ಪದಕ.

"ಮೂವತ್ತೊಂದು ಪುಸ್ತಕದಲ್ಲಿ ಗೆರೆ ಬೀಳದ ಪುಟ ಒಂದೇ ಒಂದು ತೋರಿಸಿ, ಈ ಕತ್ತರಿ ಕೆಳಗಿಡ್ತೀನಿ!" ಎಂದು ಅವರು ಬಂದವರಿಗೆಲ್ಲ ಸವಾಲು ಹಾಕುತ್ತಿದ್ದರು. ಪ್ರತಿ ಸಲವೂ ಪರದೆಯ ಹಿಂದಿನಿಂದ ಹೆಂಡತಿಗೆ ಕೆಮ್ಮು ಬರುತ್ತಿತ್ತು. ದಾರದ ಧೂಳು, ಏನು ಮಾಡುವುದು!

ಈಗ ಕಣ್ಣಿಗೆ ಪೊರೆ. ಅದರ ಜೊತೆಗೆ ನೇರಳೆ ಪೆನ್ಸಿಲಿನ ಬಣ್ಣವೂ ಮಾಸುತ್ತಿತ್ತು. ಇನ್ನೆರಡು ವರ್ಷ ಹೀಗೇ ಬಿಟ್ಟರೆ ಪೇಟೆಯ ಅರ್ಧ ಜನರ ಎದೆ, ಭುಜ, ಸೊಂಟ ಎಲ್ಲ ಅಳಿಸಿಹೋಗುವುದು ಖಂಡಿತ. ಹಾಗಾಗಿಯೇ ಈ ಯಂತ್ರದ ಪ್ರತಿಜ್ಞೆ.

ಯಂತ್ರ ತರುವವನೂ ಸಿಕ್ಕಿದ. ಹತ್ತು ವರ್ಷದ ಹಿಂದೆ ಮೊದಲ ಸಂದರ್ಶನಕ್ಕೆಂದು ಇದೇ ಅಂಗಡಿಯಲ್ಲಿ ಕೋಟು ಹೊಲಿಸಿಕೊಂಡಿದ್ದ ಗಿರಾಕಿ. ಆಗ ಗಡ್ಡವಿರಲಿಲ್ಲ. ಈಗ ಗಡ್ಡವೂ ಇತ್ತು, ಸಾಫ್ಟ್‌ವೇರ್ ಮಾಡುವ ಸ್ವಂತ ಕಚೇರಿಯೂ ಇತ್ತು.

"ನಿಮ್ಮ ಕೋಟು ಹಾಕ್ಕೊಂಡೇ ಯಜಮಾನ್ರೇ ನನಗೆ ಕೆಲಸ ಸಿಕ್ಕಿದ್ದು. ಈ ಪುಸ್ತಕಗಳನ್ನ ಕಂಪ್ಯೂಟರಿಗೆ ಏರಿಸೋ ಪುಣ್ಯ ನನಗೇ ಇರಲಿ," ಎಂದ ಗಡ್ಡದವನು.

"ಬಲ ಜೇಬು ಎರಡು ಬೆರಳು ಆಳ ಕೇಳಿದ್ದೆ ನೀನು," ಎಂದರು ಯಜಮಾನರು. "ಯಾವಾಗ ಕೊಡ್ತೀಯ?"

"ಹಾಗೆ ತಾರೀಕು ಹೇಳೋದು ಹಳೇ ಪದ್ಧತಿ. ನಮ್ಮದು ಹೊಸ ಪದ್ಧತಿ. ಹದಿನೈದು ದಿನಕ್ಕೊಂದು ಸ್ಪ್ರಿಂಟ್."

"ಅಂದ್ರೆ?"

"ಓಟ."

"ಎಲ್ಲಿಗೆ?"

ಗಡ್ಡದವನು ನಕ್ಕ. ಪಕ್ಕದಲ್ಲಿ ಕಂಪ್ಯೂಟರ್ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ ಕನ್ನಡಕದ ಹುಡುಗಿ ಮಾತ್ರ ನಗಲಿಲ್ಲ. ಕೆಲಸ ಮಾಡಬೇಕಾದವಳು ಅವಳು. ಎಲ್ಲಿಗೆ ಎನ್ನುವುದು ಅವಳಿಗೂ ಒಂದು ಪ್ರಶ್ನೆಯಾಗಿತ್ತೋ ಏನೋ!

ಮರುದಿನ ಬೆಳಗ್ಗೆ ಒಂಬತ್ತೂವರೆಗೆ ಹೊಸ ಪದ್ಧತಿ ಅಂಗಡಿಗೆ ಕಾಲಿಟ್ಟಿತು. ಮೊದಲ ನಿಯಮ: ಎಲ್ಲರೂ ನಿಂತುಕೊಳ್ಳಬೇಕು.

"ಯಾಕಪ್ಪಾ? ಕುರ್ಚಿ ಇದೆಯಲ್ಲ?"

"ಕೂತ್ರೆ ಮಾತು ಉದ್ದ ಆಗುತ್ತೆ ಯಜಮಾನ್ರೇ. ನಿಂತ್ರೆ ಹತ್ತೇ ನಿಮಿಷ. ಒಬ್ಬೊಬ್ಬರೂ ಮೂರೇ ಪ್ರಶ್ನೆಗೆ ಉತ್ತರ ಹೇಳ್ಬೇಕು. ನಿನ್ನೆ ಏನು ಮಾಡಿದ್ರಿ? ಇವತ್ತು ಏನು ಮಾಡ್ತೀರಿ? ಅಡ್ಡಿ ಏನು?"

"ನಿನ್ನೆ ಎರಡು ಕೋಟು ಹೊಲಿದೆ. ಇವತ್ತು ಮೂರು ಹೊಲೀಬೇಕು. ಅಡ್ಡಿ ನೀವೇ."

"ಸೊಗಸಾದ ಅಭಿಪ್ರಾಯ!" ಎಂದು ಗಡ್ಡದವನು ಅದನ್ನೂ ಒಂದು ಹಳದಿ ಚೀಟಿಯ ಮೇಲೆ ಬರೆದುಕೊಂಡ.

ಹತ್ತು ನಿಮಿಷ ಎಂದದ್ದು ನಲವತ್ತಾಯಿತು. ಯಜಮಾನರ ಮಂಡಿಗಳು ಕಟಕಟ ಎಂದು ಸಾಕ್ಷಿ ಹೇಳಿದವು. ಒಂದು ದಿನ ಅಂಚೆಯವನು ಒಳಗೆ ಬಂದವನು, ನಾಲ್ವರು ತಲೆ ತಗ್ಗಿಸಿ ಮೌನವಾಗಿ ನಿಂತಿದ್ದನ್ನು ಕಂಡು, ಟೋಪಿ ತೆಗೆದು ತಾನೂ ಒಂದು ನಿಮಿಷ ನಿಂತ. ಹೊರಡುವಾಗ ಯಜಮಾನತಿಯ ಹತ್ತಿರ ಬಂದು, "ಅಮ್ಮಾ, ಹೋದವರು ಹತ್ತಿರದವರಾ?" ಎಂದು ಪಿಸುಗುಟ್ಟಿದ.

"ಹೌದಪ್ಪ. ಬೆಳಗಿನ ಹೊತ್ತು ಹೋಯ್ತು," ಎಂದರು ಆಕೆ.

ಎರಡನೆಯ ನಿಯಮ ಚೀಟಿ. ಬೇಕಾದದ್ದನ್ನೆಲ್ಲ ಒಂದೊಂದು ಹಳದಿ ಚೀಟಿಯ ಮೇಲೆ ಬರೆದು ಗೋಡೆಗೆ ಅಂಟಿಸಬೇಕಂತೆ. ಅಂಗಡಿಯಲ್ಲಿ ಖಾಲಿ ಗೋಡೆ ಎಲ್ಲಿಂದ ಬರಬೇಕು? ಕೋಟುಗಳೇ ಗೋಡೆ. ಕೊನೆಗೆ ಚೀಟಿಗಳು ಆಳೆತ್ತರದ ಕನ್ನಡಿಯನ್ನು ಏರಿದವು. ಅಂದಿನಿಂದ ಹೊಸ ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತವರಿಗೆ ತಮ್ಮ ಎದೆಯ ಜಾಗದಲ್ಲಿ 'ಹುಡುಕುವ ಸೌಲಭ್ಯ' ಎಂದೂ, ಹೊಟ್ಟೆಯ ಜಾಗದಲ್ಲಿ 'ಮುಂದೆ ನೋಡೋಣ' ಎಂದೂ ಕಾಣತೊಡಗಿತು.

ಚೀಟಿಯ ಮೇಲೆ ಬರೆಯುವ ಭಾಷೆಯೂ ವಿಚಿತ್ರ. "ನಾನೊಬ್ಬ ದರ್ಜಿ, ನನಗೆ ಗಿರಾಕಿಯ ಸೊಂಟದ ಅಳತೆ ಬೇಕು, ಯಾಕೆಂದರೆ ನಾನು ಪ್ಯಾಂಟು ಹೊಲಿಯಬಹುದು," ಎಂದು ಗಡ್ಡದವನು ಗಟ್ಟಿಯಾಗಿ ಓದಿದಾಗ ಯಜಮಾನರು ಮೂಗಿನ ಮೇಲೆ ಬೆರಳಿಟ್ಟರು.

"ಇದನ್ನ ಹೇಳೋಕೆ ಒಂದು ಚೀಟಿ ಬೇಕಾ? ಸೊಂಟದಳತೆ ಮತ್ಯಾಕೆ ಬೇಕಾಗುತ್ತೆ, ಉಪ್ಪು ಹಾಕಿ ಇಡೋಕಾ?"

"ಯಜಮಾನ್ರೇ, ಈ ಕೆಲಸಕ್ಕೆ ನೀವೇ ಒಡೆಯರು. ಯಾವುದು ಮೊದಲು, ಯಾವುದು ಆಮೇಲೆ, ಎಲ್ಲ ನೀವೇ ಹೇಳ್ಬೇಕು."

"ಎಲ್ಲ ನಾನೇ ಹೇಳಿ, ನಾನೇ ನಿಂತು, ನಾನೇ ತೀರ್ಮಾನ ಮಾಡೋದಾದ್ರೆ ನೀನ್ಯಾಕಪ್ಪಾ? ಗಿರಾಕಿ ಬಂದಾಗ ನಾನು ಕತ್ತರಿ ಅವನ ಕೈಗೆ ಕೊಟ್ಟು 'ನೀವೇ ಒಡೆಯರು' ಅಂತೀನಾ?"

ಮೂರನೆಯದು ಎಲ್ಲಕ್ಕಿಂತ ಸೊಗಸು. ಪ್ರತಿಯೊಂದು ಚೀಟಿಗೂ ಒಂದು ತೂಕ ಕಟ್ಟಬೇಕು. ಗಡ್ಡದವನೂ ಹುಡುಗಿಯೂ ಇಸ್ಪೀಟಿನಂಥ ಎಲೆಗಳನ್ನು ಹಿಡಿದು, ಒಂದು, ಎರಡು, ಮೂರು ಎಂದು ಎಣಿಸಿ ಒಟ್ಟಿಗೆ ತೋರಿಸುತ್ತಿದ್ದರು. ಎಲೆಗಳ ಮೇಲೆ ಮೂರು, ಐದು, ಎಂಟು, ಹದಿಮೂರು, ಇಪ್ಪತ್ತೊಂದು ಎಂಬ ಸಂಖ್ಯೆಗಳು.

"ಇದು ದಿನದ ಲೆಕ್ಕವಾ?"

"ಅಲ್ಲ."

"ಗಂಟೆಯದ್ದಾ?"

"ಅಲ್ಲ. ಕಷ್ಟದ ತೂಕ ಅಷ್ಟೆ."

"ಹದಿಮೂರಾದ್ಮೇಲೆ ಒಂದೇ ಸಲ ಇಪ್ಪತ್ತೊಂದಾ? ನಡುವೆ ಹದಿನೈದು ಇಲ್ವಾ?"

"ಇಲ್ಲ ಯಜಮಾನ್ರೇ."

"ನನ್ನ ಟೇಪಿನಲ್ಲಿದೆ ನೋಡು!" ಎಂದು ಯಜಮಾನರು ಟೇಪು ಬಿಚ್ಚಿ ತೋರಿಸಿದರು.

ಒಬ್ಬನೇ ಮನುಷ್ಯನ ಎರಡು ತೋಳು ಒಂದೇ ಉದ್ದ ಇರಬೇಕೆಂದಿಲ್ಲ ಎಂದು ವಿವರಿಸುವಾಗ ಅವರು ಬ್ಯಾಂಡ್ ಮೇಷ್ಟ್ರ ಉದಾಹರಣೆ ಕೊಟ್ಟಿದ್ದರು. ಪೇಟೆಯ ವಾದ್ಯವೃಂದವನ್ನು ನಲವತ್ತು ವರ್ಷ ಕೋಲು ಬೀಸಿ ನಡೆಸಿ ಆ ಮನುಷ್ಯನ ಬಲತೋಳು ಎಡತೋಳಿಗಿಂತ ಉದ್ದವಾಗಿಬಿಟ್ಟಿತ್ತು. ಗಡ್ಡದವನು ಕೂಡಲೇ ಎರಡು ಚೀಟಿ ಬರೆದ: ಬಲತೋಳಿಗೆ ಒಂದು, ಎಡತೋಳಿಗೆ ಒಂದು. ಎಲೆಗಳು ಮೇಲೆದ್ದವು. ಬಲತೋಳಿನ ಕೆಲಸಕ್ಕೆ ಇಪ್ಪತ್ತೊಂದರ ತೂಕ. ಒಂದು ಮಾಡಿದ ಮೇಲೆ ಇನ್ನೊಂದು ಸುಲಭ ನೋಡಿ, ಎಡತೋಳಿಗೆ ಹದಿಮೂರು. 'ಬ್ಯಾಂಡ್ ಮೇಷ್ಟ್ರು, ಬಲತೋಳು: ೨೧.' 'ಬ್ಯಾಂಡ್ ಮೇಷ್ಟ್ರು, ಎಡತೋಳು: ೧೩.' ಎರಡೂ ಕನ್ನಡಿಯ ಮೇಲೆ ಅಂಟಿಕೊಂಡವು.

ಮೊದಲ ಹದಿನೈದು ದಿನ ಮುಗಿದು ಪ್ರದರ್ಶನ ನಡೆಯಿತು. ಯಜಮಾನರು ಒಗೆದ ಅಂಗಿ ತೊಟ್ಟು ಕುಳಿತರು. ಕಂಪ್ಯೂಟರಿನ ಪರದೆಯ ಮೇಲೆ ಒಂದು ಚಿನ್ನದ ಕತ್ತರಿ ಕಾಣಿಸಿಕೊಂಡಿತು. ಬಾಯಿ ತೆರೆಯಿತು. ಮುಚ್ಚಿತು. ಮತ್ತೆ ತೆರೆಯಿತು.

"ಅಳತೆ ಎಲ್ಲಿ?"

ಹುಡುಗಿ 'ಅಳತೆ ನೋಡಿ' ಎಂಬಲ್ಲಿ ಒತ್ತಿದಳು. 'ಶೀಘ್ರದಲ್ಲೇ' ಎಂದು ಬಂತು.

"ಇದು ಮೊದಲ ತುಂಡು ಯಜಮಾನ್ರೇ. ಚಿಕ್ಕದಾಗಿ ಶುರು ಮಾಡೋದು, ನಿಮ್ಮ ಮಾತು ಕೇಳೋದು, ಬೆಳೆಸ್ತಾ ಹೋಗೋದು."

"ನಿನ್ನ ಸಂದರ್ಶನದ ಕೋಟಿಗೆ ನಾನು ಹದಿನೈದು ದಿನಕ್ಕೊಂದು ತೋಳು ಕೊಟ್ಟು, 'ಇದನ್ನ ಹಾಕ್ಕೊಂಡು ಹೋಗಿ ಬಾ, ಹೇಗನ್ನಿಸಿತು ಹೇಳು, ಬೆಳೆಸ್ತಾ ಹೋಗೋಣ' ಅಂದಿದ್ರೆ ನಿನಗೆ ಕೆಲಸ ಸಿಕ್ತಿತ್ತೇನೋ?"

"ನಿಮ್ಮಲ್ಲೂ ಟ್ರಯಲ್ ಅಂತ ಇದೆಯಲ್ಲ?"

"ಇದೆ! ಆದ್ರೆ ನನ್ನ ಟ್ರಯಲ್‌ನಲ್ಲಿ ಕೋಟು ಇರುತ್ತೆ! ಕಚ್ಚಾ ಹೊಲಿಗೆ ಆದ್ರೂ ಎರಡು ತೋಳು ಇರುತ್ತೆ, ಒಂದು ಬೆನ್ನು ಇರುತ್ತೆ! ಇವತ್ತಿನವರೆಗೆ ಈ ಅಂಗಡಿಯಲ್ಲಿ ಯಾರಿಗೂ ಅರ್ಧ ಕೋಟು ತೋರಿಸಿ ಕೂರಿಸಿಲ್ಲ ನಾನು!"

ಪರದೆಯ ಹಿಂದೆ ಕೆಮ್ಮು. ಈ ಸಲ ತುಸು ಜೋರಾಗಿಯೇ.

ಎರಡನೆಯ ಓಟದಲ್ಲಿ ಅಳತೆ ತುಂಬುವ ಮನೆಗಳು ಬಂದವು. ಎದೆ, ಸೊಂಟ, ಉದ್ದ. ಬರೀ ಸಂಖ್ಯೆಗೆ ಜಾಗ. ಹುಡುಗಿ ಎರಡನೆಯ ಪುಸ್ತಕ ತೆರೆದುಕೊಂಡು ತುಂಬತೊಡಗಿದಳು. ಯಜಮಾನರು ಪಕ್ಕದಲ್ಲಿ ಕುಳಿತರು. ಹೆಂಡತಿಯೂ ಬಂದು ಕುಳಿತರು. ಒಂದು ಪುಟಕ್ಕೆ ಐದು ನಿಮಿಷ ಆಗಬೇಕಿದ್ದದ್ದು ಅರ್ಧ ಗಂಟೆಯಾಯಿತು, ಯಾಕೆಂದರೆ ಪ್ರತಿ ಪುಟದಿಂದಲೂ ಒಬ್ಬೊಬ್ಬರು ಎದ್ದು ಬರುತ್ತಿದ್ದರು.

"ಇವರು ಮರದ ಅಡ್ಡೆಯವರು. ಗರಗಸ ತಗುಲಿ ಎರಡು ಬೆರಳು ಹೋಗಿತ್ತು. ಗುಂಡಿ ಹಾಕ್ಕೊಳ್ಳೋಕಾಗ್ತಿರಲಿಲ್ಲ ಅಂತ ಒಳಗೆ ಕೊಕ್ಕೆ ಇಟ್ಟು, ಮೇಲೆ ಸುಮ್ಮನೆ ಗುಂಡಿ ಹೊಲಿದಿದ್ರಿ," ಎಂದರು ಹೆಂಡತಿ.

"ಯಾರಿಗೂ ಗೊತ್ತಾಗಲಿಲ್ಲ ಕಣೇ. ಮಗಳ ಮದುವೆಯಲ್ಲಿ ಎಷ್ಟು ಚೆನ್ನಾಗಿ ಕಾಣಿಸಿದ್ರು!"

"ನೀವು ಆಗ ತೆಳ್ಳಗಿದ್ರಿ. ಇವರಿಗೆ ಟೇಪು ಸುತ್ತೋಕೆ ಪ್ರದಕ್ಷಿಣೆ ಹಾಕಿದ್ರಿ."

ಯಜಮಾನರು ಪುಸ್ತಕದ ಹಾಳೆ ಸವರಿದರು. ಗುರು ಎಂಬುವವನಿಲ್ಲದೆ, ಹಳೆಯ ಕೋಟೊಂದನ್ನು ದಾರದಾರವಾಗಿ ಬಿಚ್ಚಿ, ಬಿಚ್ಚಿದ್ದನ್ನು ಮತ್ತೆ ಹೊಲಿದು ಕಸುಬು ಕಲಿತವರು ಅವರು. ಆ ದಿನಗಳಲ್ಲಿ ಈ ಅಂಗಡಿಯಲ್ಲಿ ಒಂದು ಮಣೆ, ಒಂದು ಹೊಲಿಗೆ ಯಂತ್ರ, ಹೊಸದಾಗಿ ಮದುವೆಯಾಗಿ ಬಂದು ಪೆನ್ಸಿಲ್ ಹಿಡಿದು ಕುಳಿತ ಒಬ್ಬಳು ಹುಡುಗಿ, ಇಷ್ಟೇ. ನೇರಳೆ ಅಕ್ಷರ ಆಗ ಎಷ್ಟು ದುಂಡಗಿತ್ತು!

"ಕೊಕ್ಕೆಯ ವಿಷಯ ಎಲ್ಲಿ ಬರೆದೆಯಮ್ಮಾ?" ಎಂದು ಅವರು ಕನ್ನಡಕದ ಹುಡುಗಿಯನ್ನು ಕೇಳಿದರು.

"ಅದಕ್ಕೆ ಜಾಗ ಇಲ್ಲ ತಾತ," ಎಂದಳು ಹುಡುಗಿ ಸಣ್ಣ ದನಿಯಲ್ಲಿ.

"ಮುಂದಿನ ಓಟಕ್ಕೆ ಹಾಕೋಣ!" ಎಂದು ಗಡ್ಡದವನು ಚೀಟಿ ಬರೆದ.

ಹೀಗೆ ಓಡುತ್ತ ಓಡುತ್ತ ಆಪರೇಷನ್ನಿನ ದಿನ ಬಂದೇಬಿಟ್ಟಿತು. ಹೆಂಡತಿ ಚೀಲ ಕಟ್ಟಿಕೊಂಡು ಆಸ್ಪತ್ರೆಗೆ ಹೊರಟು ನಿಂತು, "ಎರಡು ದಿನ. ನಾನು ಬರೋವರೆಗೆ ಕತ್ತರಿ ಮುಟ್ಟಬೇಡಿ," ಎಂದರು.

"ನೀನಿಲ್ಲದೆ ಒಂದು ತೋಳು ಕತ್ತರಿಸಲಾರೆನಾ ನಾನು?" ಎಂದರು ಯಜಮಾನರು. ಹೀಗೆ ಕೇಳಬಾರದಾಗಿತ್ತು!

ಯಾಕೆಂದರೆ ಅದೇ ಗುರುವಾರ ಬ್ಯಾಂಡ್ ಮೇಷ್ಟ್ರ ಕೋಟು ಕತ್ತರಿಸಬೇಕಿತ್ತು. ಭಾನುವಾರ ಅವರ ಕೊನೆಯ ಸಂಗೀತ ಕಛೇರಿ. ನಲವತ್ತು ವರ್ಷದ ಮೇಲೆ ಕೋಲು ಕೆಳಗಿಡುವ ದಿನ. ಅದಕ್ಕೆಂದು ವೃಂದದ ಮಾಮೂಲು ಕಡುನೀಲಿ ಬಟ್ಟೆಯನ್ನೇ ತಂದುಕೊಟ್ಟಿದ್ದರು. ಆ ಬಟ್ಟೆ ನೇಯುವ ಗಿರಣಿ ಮುಚ್ಚಿತ್ತು. ಅದೇ ಕೊನೆಯ ತುಂಡು.

ಎದೆ, ಭುಜ, ಉದ್ದ ಯಜಮಾನರಿಗೆ ಬಾಯಿಪಾಠ. ತೋಳಿನದೊಂದು ಮರೆತಿತ್ತು. ಪುಸ್ತಕ ನೋಡೋಣವೆಂದರೆ ಇಪ್ಪತ್ತರಿಂದ ಆಚೆಗಿನವೆಲ್ಲ ಹುಡುಗಿಯ ಕಚೇರಿಯಲ್ಲಿದ್ದವು. ಕಂಪ್ಯೂಟರ್ ತೆರೆದರು. ಚಿನ್ನದ ಕತ್ತರಿ ಬಾಯಿ ತೆರೆಯಿತು, ಮುಚ್ಚಿತು. ಮೇಷ್ಟ್ರ ಹೆಸರು ಒತ್ತಿದರು. 'ಶೀಘ್ರದಲ್ಲೇ.' ಮೇಷ್ಟ್ರನ್ನೇ ಕರೆಸಿ ಮತ್ತೆ ಅಳೆಯೋಣವೆಂದರೆ ಮರ್ಯಾದೆಯ ಪ್ರಶ್ನೆ. ಆಸ್ಪತ್ರೆಗೆ ಫೋನು ಮಾಡುವುದಂತೂ ಸೋಲನ್ನು ಒಪ್ಪಿದಂತೆ.

ಆಗ ಕಂಡಿತು! ನೀಲಿ ಬಟ್ಟೆಯ ಗಂಟಿನ ಮೇಲೆಯೇ ಎರಡು ಹಳದಿ ಚೀಟಿ! ಫ್ಯಾನಿನ ಗಾಳಿಗೆ ಕನ್ನಡಿಯಿಂದ ಉದುರಿದ್ದನ್ನು ಕಸ ಗುಡಿಸುವಾಕೆ ಎತ್ತಿ, ಹೆಸರು ನೋಡಿ, ಅದೇ ಹೆಸರಿನ ಗಂಟಿಗೆ ಅಂಟಿಸಿದ್ದಳು. ಆ ಅಂಗಡಿಯಲ್ಲಿ ಮೂವತ್ತೆಂಟು ವರ್ಷದಿಂದ ಅಳತೆಯ ಚೀಟಿ ಇರುತ್ತಿದ್ದದ್ದೇ ಬಟ್ಟೆಯ ಗಂಟಿನ ಮೇಲೆ.

"ಎಂಥ ಹೆಂಡತಿ!" ಎಂದು ಯಜಮಾನರ ಕಣ್ಣು ತುಂಬಿತು. "ಹೋಗೋ ಮುಂಚೆ ಯಾರ ಕೈಯಲ್ಲೋ ಬರೆಸಿಟ್ಟು ಹೋಗಿದ್ದಾಳೆ!"

ಬಲತೋಳು ಇಪ್ಪತ್ತೊಂದು. ಎಡತೋಳು ಹದಿಮೂರು. ಒಂದು ಕ್ಷಣ ಕತ್ತರಿ ತಡೆಯಿತು. ಹದಿಮೂರಾ? ಆದರೆ ಎರಡು ತೋಳಿಗೂ ವ್ಯತ್ಯಾಸವಿದೆ ಎನ್ನುವುದು ಅವರಿಗೆ ಚೆನ್ನಾಗಿ ನೆನಪಿತ್ತು. ಚೀಟಿಯಲ್ಲೂ ವ್ಯತ್ಯಾಸವಿತ್ತು. ಇನ್ನೇನು ಬೇಕು! ಎಡಗೈಯಲ್ಲಿ ಹಾಳೆ ಮಗುಚುತ್ತಾರಲ್ಲ, ತೋಳು ಸಿಕ್ಕಿಕೊಳ್ಳಬಾರದೆಂದು ಗಿಡ್ಡ ಕೇಳಿರಬೇಕು. ದೊಡ್ಡ ಕಲಾವಿದರು, ಅವರಿಗೆ ಏನೇನು ಖಯಾಲಿಯೋ! ತಲೆಯ ಗೊಡವೆಯಿಲ್ಲದೆ ಕೆಲಸ ಮಾಡಿ ಅಭ್ಯಾಸವಾದ ಕೈ ಮುಂದಿನದನ್ನು ತಾನೇ ಮುಗಿಸಿತು. ಕರ್ರ್... ಕರ್ರ್... ಎಂದು ಕೊನೆಯ ಕಡುನೀಲಿ ಎರಡಾಯಿತು, ನಾಲ್ಕಾಯಿತು.

ಶುಕ್ರವಾರ ಮಧ್ಯಾಹ್ನ ಟ್ರಯಲ್. ಬ್ಯಾಂಡ್ ಮೇಷ್ಟ್ರು ಕೋಟು ತೊಟ್ಟು, ಕನ್ನಡಿಯಲ್ಲಿ ಚೀಟಿಗಳ ಸಂದಿಯಿಂದ ತಮ್ಮನ್ನು ಹುಡುಕಿಕೊಂಡು, ಕೋಲು ಹಿಡಿದವರಂತೆ ಎರಡೂ ಕೈ ಮೇಲೆತ್ತಿದರು. ಬಲತೋಳು ಮಣಿಕಟ್ಟು ಬಿಟ್ಟು ಮೇಲೆ ನಿಂತಿತು. ಎಡತೋಳು ಮೊಣಕೈಗೇ ಶರಣಾಯಿತು.

ಮೇಷ್ಟ್ರು ಒಂದು ತೋಳನ್ನು ನೋಡಿದರು, ಇನ್ನೊಂದು ತೋಳನ್ನು ನೋಡಿದರು. ಆಮೇಲೆ ಮೆಲ್ಲಗೆ, "ಯಜಮಾನ್ರೇ, ಭಾನುವಾರ ನಾನು ಸಂಗೀತ ನಡೆಸೋದಾ, ಪಾತ್ರೆ ತೊಳೆಯೋದಾ?" ಎಂದರು.

"ಚೀಟಿಯಲ್ಲಿ... ಹದಿಮೂರು ಅಂತ..."

ಗಡ್ಡದವನ ಜೊತೆ ಆಗಷ್ಟೇ ಬಂದಿದ್ದ ಕನ್ನಡಕದ ಹುಡುಗಿ ಚೀಟಿ ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು. "ತಾತ, ಇದು ಅಂಗುಲ ಅಲ್ಲ. ಇದು... ಕಷ್ಟದ ತೂಕ!"

ಯಜಮಾನರು ಮಣೆಯ ಮೇಲೆ ಕುಸಿದರು. ಬಾಲ ಸುಟ್ಟ ಬೆಕ್ಕಿನಂತೆ ಅಂಗಡಿಯೆಲ್ಲ ಓಡಾಡಿದ ಗಡ್ಡದವನು, "ಇದರಿಂದ ನಾವೆಲ್ಲ ಕಲಿಯೋದು ಬಹಳ ಇದೆ. ಒಂದು ಹಿನ್ನೋಟದ ಸಭೆ ಸೇರೋಣವಾ? ಯಾರ್ಯಾರಿಗೆ ಏನನ್ನಿಸಿತು ಅಂತ..." ಎಂದ.

"ನನಗೆ ಏನನ್ನಿಸಿತು ಅಂತ ಹೇಳಲಾ?" ಎಂದು ಯಜಮಾನರು ಕತ್ತರಿ ಹುಡುಕುವಷ್ಟರಲ್ಲಿ ಬಾಗಿಲಲ್ಲಿ ಹೆಂಡತಿ ನಿಂತಿದ್ದರು. ಬಲಗಣ್ಣಿಗೆ ಬಿಳಿ ಪಟ್ಟಿ. ಉಳಿದ ಒಂದೇ ಮಂಜುಗಣ್ಣಿನಿಂದ ಆಕೆ ಮೇಷ್ಟ್ರ ಎಡಗೈಯನ್ನು ಮೇಲಿನಿಂದ ಕೆಳಗೆ ನೋಡಿದರು.

"ಕಣ್ಣಿನ ಪೊರೆ ತೆಗೆಸೋಕೆ ನಾನಲ್ಲ, ನೀವು ಹೋಗ್ಬೇಕಿತ್ತು," ಎಂದರು. "ಬಲತೋಳು ಇಪ್ಪತ್ತೈದು, ಎಡತೋಳು ಇಪ್ಪತ್ತನಾಲ್ಕು ಕಾಲು. ಇಪ್ಪತ್ತಾರನೇ ಪುಸ್ತಕ, ನಡುವಿನ ಪುಟ. ಕೇಳಿದ್ರೆ ಆಸ್ಪತ್ರೆಯಿಂದಲೇ ಹೇಳ್ತಿದ್ದೆ."

"ಬಟ್ಟೆ ಇಲ್ಲ ಕಣೇ. ಈ ನೀಲಿ ಲೋಕದಲ್ಲೇ ಇನ್ನಿಲ್ಲ."

ಹೆಂಡತಿ ಪರದೆ ಸರಿಸಿ ಒಳಗೆ ಹೋದರು. ಬೀರು ಕಿರುಗುಟ್ಟಿತು. ಹಳೆಯ ದುಪ್ಪಟಿಯಲ್ಲಿ ಸುತ್ತಿದ್ದ ಏನನ್ನೋ ತಂದು ಮೇಜಿನ ಮೇಲೆ ಬಿಚ್ಚಿದರು. ಒಂದು ಉದ್ದನೆಯ ಹೆಂಗಸರ ಕೋಟು. ಅದೇ ಕಡುನೀಲಿ. ಬಿಳಿ ದಾರದ ಕಚ್ಚಾ ಹೊಲಿಗೆ, ಸೀಮೆಸುಣ್ಣದ ಗುರುತು ಎಲ್ಲ ಹಾಗೇ ಇದ್ದವು. ತೋಳು ಮಾತ್ರ ಇರಲಿಲ್ಲ.

"ವೃಂದಕ್ಕೆ ಮೊದಲ ಸಲ ಹೊಲಿದಾಗ ಉಳಿದ ಬಟ್ಟೆ," ಎಂದರು ಆಕೆ. "ಬೆನ್ನಿನ ಎರಡು ತುಂಡು ಬಿಚ್ಚಿ. ಒಂದರಲ್ಲಿ ಒಂದು ತೋಳು, ಇನ್ನೊಂದರಲ್ಲಿ ಇನ್ನೊಂದು. ಸರಿಯಾಗುತ್ತೆ."

"ಇದು ಯಾವುದು..." ಎಂದು ಯಜಮಾನರು ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡರು.

"ಕತ್ತರಿಸಿ. ನಾನು ಓದ್ತೀನಿ," ಎಂದರು ಹೆಂಡತಿ. ಪುಸ್ತಕವಿಲ್ಲದೆ ಓದಿದರು. "ಬಲತೋಳು ಇಪ್ಪತ್ತೈದು." "ಹೂಂ." "ಎಡತೋಳು ಇಪ್ಪತ್ತನಾಲ್ಕು ಕಾಲು." ಯಜಮಾನರು ಗೊತ್ತು ಎನ್ನಲಿಲ್ಲ.

ಭಾನುವಾರ ಸಂಜೆ ಬ್ಯಾಂಡ್ ಮೇಷ್ಟ್ರು ವೇದಿಕೆಯ ಮೇಲೆ ಕೈಯೆತ್ತಿದಾಗ ಎರಡು ತೋಳೂ ಮಣಿಕಟ್ಟಿನ ಮೇಲೆ ಮುತ್ತಿನಂತೆ ನಿಂತಿದ್ದವು. ಮೈಗಿಂತ ತೋಳಿನ ನೀಲಿ ಒಂದು ಎಳೆ ಗಾಢವಾಗಿತ್ತು. ಅದು ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ. ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮುಂದಿನ ಸಾಲಿನಲ್ಲಿ ಕುಳಿತಿದ್ದ ಹೆಂಡತಿ ಯಜಮಾನರ ಕಡೆ ವಾಲಿ, "ನನ್ನ ಬೆನ್ನು ಎಷ್ಟು ಚೆನ್ನಾಗಿ ಕೈ ಬೀಸ್ತಿದೆ ನೋಡಿ," ಎಂದರು.

ಸೋಮವಾರ ಯಜಮಾನರು ಕನ್ನಡಿಯ ಮೇಲಿನ ಚೀಟಿಗಳನ್ನೆಲ್ಲ ಕಿತ್ತು ಬುಟ್ಟಿಗೆ ಹಾಕಿದರು. ಅವರ ಹೆಂಡತಿ ಕನ್ನಡಕದ ಹುಡುಗಿಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ನಿಲ್ಲಿಸಲಿಲ್ಲ, ಕೂರಿಸಿಕೊಂಡರು.

"ನೋಡಮ್ಮಾ, ಸಂಖ್ಯೆ ತುಂಬೋ ಮನೆ ಗಿನೆ ಏನೂ ಬೇಡ. ಒಂದೊಂದು ಪುಟಕ್ಕೂ ಒಂದೊಂದು ಫೋಟೋ ತೆಗಿ. ನಾನು ಗೀಚಿದ್ದೆಲ್ಲ ಹಾಗ್ಹಾಗೇ ಬರಲಿ, ಕೊಕ್ಕೆ, ಉಸಿರು ಹಿಡಿದದ್ದು, ಎಲ್ಲ. ಅಕ್ಷರ ದೊಡ್ಡದಾಗಿ ಕಾಣಲಿ. ಹೆಸರು ಒತ್ತಿದ್ರೆ ಪುಟ ಬರಲಿ. ಕೆಂಪು ಗೆರೆ ಬಿದ್ದದ್ದು ಒಂದು ಕಡೆ, ಬೀಳದ್ದು ಒಂದು ಕಡೆ. ಇಷ್ಟೇ. ಎಷ್ಟು ದಿನ?"

"ಹನ್ನೆರಡು ದಿನ ಅಜ್ಜಿ."

ಹನ್ನೊಂದೇ ದಿನಕ್ಕೆ ಮುಗಿಯಿತು! ಗಡ್ಡದವನು ಬಂದು ನೋಡಿ ಹಿಗ್ಗಿ ಹೀರೇಕಾಯಿಯಾದ. "ನೋಡಿದ್ರಾ ಯಜಮಾನ್ರೇ! ಬಳಸೋರ ಪಕ್ಕದಲ್ಲಿ ಕೂತು, ಚಿಕ್ಕದಾಗಿ ಮಾಡೋದು. ನಮ್ಮ ಪದ್ಧತಿ ಅಂದ್ರೆ ಇದೇ!"

"ಹಾಗಿದ್ರೆ ಇಷ್ಟು ದಿನ ಮಾಡಿದ್ದು ಏನಪ್ಪಾ?"

ಗಡ್ಡದವನು ಗಡ್ಡ ಕೆರೆದುಕೊಂಡ.

ಯಜಮಾನರು ಕಂಪ್ಯೂಟರಿನ ಮುಂದೆ ಕುಳಿತರು. ಮರದ ಅಡ್ಡೆಯವರ ಹೆಸರು ಒತ್ತಿದರು. ದುಂಡನೆಯ ನೇರಳೆ ಅಕ್ಷರ, ಅಂಗೈ ಅಗಲ, ಕೊಕ್ಕೆಯ ಸಮೇತ ಎದ್ದು ಬಂತು! ಎದೆ ಉಬ್ಬಿತು. ಸುತ್ತ ನಿಂತವರನ್ನು ಒಮ್ಮೆ ನೋಡಿ, "ಇನ್ನು ಆ ಕೆಂಪು ಗೆರೆ ಬೀಳದ ಪುಟ ಅಂತ ಇದೆಯಲ್ಲ, ಅದನ್ನ ಒತ್ತಮ್ಮಾ. ಎಲ್ಲರೂ ನೋಡಲಿ. ಖಾಲಿ ಬರುತ್ತೆ!" ಎಂದರು.

ಹುಡುಗಿ ಹಿಂಜರಿದಳು. ಒತ್ತಿದಳು.

ಖಾಲಿ ಬರಲಿಲ್ಲ. 'ಬಾಕಿ: ಒಂದು' ಎಂದು ಬಂತು. ಮೊದಲನೆಯ ಪುಸ್ತಕ, ಎರಡನೆಯ ಪುಟ. ಅಕ್ಷರ ಹೆಂಡತಿಯದಲ್ಲ, ಯಜಮಾನರ ಸ್ವಂತ ಕೋಳಿಕಾಲು ಗೀಚು. 'ನನ್ನವಳಿಗೆ. ಉದ್ದನೆ ಕೋಟು, ಕಡುನೀಲಿ. ಸೊಂಟ ಇಪ್ಪತ್ತನಾಲ್ಕು. ಅಳೆಯುವಾಗ ನಗುತ್ತಿದ್ದಳು, ಮತ್ತೊಮ್ಮೆ ಅಳೆಯಬೇಕು. ಟ್ರಯಲ್: ಮುಂದಿನ ವಾರ.'

ಬ್ಯಾಂಡಿನ ಸಮವಸ್ತ್ರ, ಶಾಲೆಯ ಸಮವಸ್ತ್ರ, ಊರವರ ಮದುವೆ, ಊರವರ ಸಂದರ್ಶನ... ಆ ಮುಂದಿನ ವಾರ ಮೂವತ್ತೆಂಟು ವರ್ಷ ಬಂದೇ ಇರಲಿಲ್ಲ. ಯಜಮಾನರು ಇಂಗು ತಿಂದ ಮಂಗನಂತೆ ಕುಳಿತರು. ಪರದೆಯ ಹಿಂದಿನಿಂದ ಈ ಸಲ ಕೆಮ್ಮು ಬರಲಿಲ್ಲ. ಹೆಂಡತಿಯೇ ಬಂದರು. ಪಟ್ಟಿ ಬಿಚ್ಚಿದ ಬಲಗಣ್ಣು ಹೊಸ ಗುಂಡಿಯಂತೆ ಮಿರುಗುತ್ತಿತ್ತು.

ಯಜಮಾನರು ತೆಪ್ಪಗೆ ಕತ್ತರಿಯನ್ನು ಎತ್ತಿ ಮೇಜಿನ ಮೇಲೆ ಇಡಹೋದರು.

"ಕೆಳಗಿಡಬೇಡಿ," ಎಂದರು ಹೆಂಡತಿ. "ಕೈಯಲ್ಲೇ ಇರಲಿ. ಎದ್ದು ನಿಂತ್ಕೊಳ್ಳಿ."

ಯಜಮಾನರು ಎದ್ದು ನಿಂತರು. ಮಂಡಿ ಕಟಕ್ಕೆಂದಿತು.

"ನಿನ್ನೆ ಏನು ಮಾಡಿದ್ರಿ? ಇವತ್ತು ಏನು ಮಾಡ್ತೀರಿ? ಅಡ್ಡಿ ಏನು?"

ಗಡ್ಡದವನು ಬೆರಗಾಗಿ ನೋಡಿದ. ಕನ್ನಡಕದ ಹುಡುಗಿ ಮೊದಲ ಸಲ ನಕ್ಕಳು. ಯಜಮಾನರು ಟೇಪನ್ನು ಕೊರಳಿಂದ ತೆಗೆದು ಬೆರಳಿಗೆ ಸುತ್ತಿಕೊಳ್ಳುತ್ತ, "ಅಡ್ಡಿ ಅಂತ ಏನಿಲ್ಲ ಕಣೇ... ಅಳತೆ ಹೊಸದಾಗಿ ತಗೋಬೇಕು. ಬೇರೆ ಬಟ್ಟೆ ಹುಡುಕಬೇಕು. ಪೂರ್ತಿ ಕೋಟು ಅಂದ್ರೆ ಸ್ವಲ್ಪ ದಿನ..." ಎಂದು ತಡವರಿಸಿದರು.

"ಪೂರ್ತಿ ಯಾರು ಕೇಳಿದ್ರು?" ಎಂದು ಹೆಂಡತಿ ಮಣೆಯ ಮೇಲೆ ಹತ್ತಿ ಕೈ ಚಾಚಿ ನಿಂತರು. "ಹದಿನೈದು ದಿನಕ್ಕೊಂದು ತೋಳು ಕೊಡಿ. ಹಾಕ್ಕೊಂಡು, ಹೇಗನ್ನಿಸಿತು ಹೇಳ್ತೀನಿ."